ಉಳ್ಳಾರ್ತಿ ಕಾವಲಿನಲ್ಲಿ ಒಂದು ಸಂಜೆ

ಪಂಪ ರನ್ನರ ಪಾಠ ಹೇಳಿ ಹೊಟ್ಟೆ ಹೊರೆಯುವವನು ನಾನು. ಜೈನರ ಪುರಾಣ, ಶರಣರ ವಚನ, ದಾಸರ ಪದ, ಎಲ್ಲವನ್ನೂ ತರಗತಿಯಲ್ಲಿ ವಿವರಿಸುತ್ತ ಬಂದವನು ಕ್ರೈಸ್ತರ ‘ಸತ್ಯವೇದ’ವನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ ಎಂಬ ಸಂಕೋಚ ಬಹುದಿನದಿಂದ ಇದ್ದಿತು. ಕಳೆದ ಬೇಸಗೆಯಲ್ಲಿ ಒಂದು ಹಳೆಯ ಪ್ರತಿಯನ್ನು ಕೊಂಡು, ಕಾದಂಬರಿಯಂತೆ ಮೊದಲ ಪುಟದಿಂದ ಹಿಡಿದೆ. ಆದಿಕಾಂಡ ಕಥೆಯಾಗಿ ಸಾಗಿತು; ಬಲಿ, ಶುದ್ಧಿಗಳ ವಿಧಿಗಳೇ ತುಂಬಿದ ಯಾಜಕಕಾಂಡದಲ್ಲಿ ಬಂಡಿ ಹೂತುಹೋಯಿತು. ಅದು ಒಂದು ಪುಸ್ತಕವಲ್ಲ, 66 ಪುಸ್ತಕಗಳ ಭಂಡಾರ, ಎಲ್ಲಿಂದಲಾದರೂ ಒಳಹೊಗಬಹುದು ಎಂದು ತಿಳಿದವರು ಹೇಳಿದ ಮೇಲೆ ಲೂಕನ ಸುವಾರ್ತೆಗೆ ಹಾರಿದೆ. ಅಲ್ಲಿಯೂ ಒಂದು ದೃಷ್ಟಾಂತ ತಡೆದು ನಿಲ್ಲಿಸಿತು. ನೂರು ಕುರಿಗಳುಳ್ಳವನು, ಒಂದು ತಪ್ಪಿಹೋದರೆ, ಉಳಿದ ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು ಅದರ ಬೆನ್ನು ಹತ್ತುತ್ತಾನಂತೆ. ಇದೆಂಥ ಲೆಕ್ಕ!

ಮುಂಗಾರು ಹನಿದ ಮೇಲೆ ವಿದ್ಯಾರ್ಥಿಯೊಬ್ಬನ ಕರೆಯಂತೆ ಚಳ್ಳಕೆರೆಗೆ ಹೋದೆ, ಪುಸ್ತಕವೂ ಚೀಲದಲ್ಲಿದ್ದಿತು. ಚಳ್ಳಕೆರೆ, ಮೊಳಕಾಲ್ಮೂರುಗಳು ನಾಡಿನಲ್ಲೇ ಬಹು ಕಡಮೆ ಮಳೆ ಬೀಳುವ ಸೀಮೆ. ಶೇಂಗಾ ಹೊಲ, ಜಾಲಿಯ ಮರ, ಬೋಳುಗುಡ್ಡಗಳು ಹಿಂದೆ ಸರಿದ ಮೇಲೆ ಉಳ್ಳಾರ್ತಿ ಕಾವಲು ತೆರೆಯಿತು. ಕಾವಲೆಂದರೆ ಕಾಡಲ್ಲ, ಬೀಳೂ ಅಲ್ಲ; ಕಣ್ಣು ಹಾಯುವವರೆಗೆ ಹುಲ್ಲು. ಮೈಸೂರು ಅರಸರ ‘ಬೆಣ್ಣೆ ಚಾವಡಿ’, ಟಿಪ್ಪುವಿನ ಕಾಲದಿಂದ ‘ಅಮೃತಮಹಲ್’ ಎನಿಸಿದ ರಾಸುಗಳಿಗಾಗಿ ಮೀಸಲಾಗಿದ್ದ ಇಂಥ ಕಾವಲುಗಳಲ್ಲಿ ಸುತ್ತಣ ಹಳ್ಳಿಗಳ ಕುರಿ, ಮೇಕೆಗಳೂ ತಲೆಮಾರುಗಳಿಂದ ಮೇದು ಬದುಕಿವೆ.

ವಿದ್ಯಾರ್ಥಿಯ ಅಜ್ಜ ಅಲ್ಲಿ ಕುರಿ ಕಾಯುತ್ತಿದ್ದರು. ಹೆಗಲ ಮೇಲೆ ಕರಿಯ ಕಂಬಳಿ, ಕೈಯಲ್ಲಿ ಕೋಲು. ಮಾತಿಗೆ ಮಾತು ಬಂದು, ನನ್ನನ್ನು ಕಾಡಿದ ಕಥೆಯನ್ನು ಅವರ ಮುಂದಿಟ್ಟೆ. ಅವರು ನಕ್ಕರು.

“ತೊಂಬತ್ತೊಂಬತ್ತನ್ನ ತೋಳದ ಬಾಯಿಗೆ ಬಿಟ್ಟು ಹೋದ ಅಂದ್ಕಂಡ್ರಾ ಮೇಷ್ಟ್ರೇ? ಜತೆಗಾರ್ರು ಇರ್ತಾರೆ, ನಾಯಿ ಇರ್ತಾವೆ. ಮೇಕೆ ತಪ್ಪಿದ್ರೆ ಕತ್ತಲಾಗೋದ್ರೊಳಗೆ ತಾನೇ ದಾರಿ ಹುಡುಕ್ಕಂಡು ಬರ್ತತೆ. ಕುರಿ ಹಂಗಲ್ಲ. ತಪ್ಪಿದ ಕಡೆ ಸುಮ್ನೆ ನಿಂತ್ಕಂತತೆ. ಅದಕ್ಕೆ ಬರಾಕೆ ಆಗಲ್ಲ, ನಾವೇ ಹೋಗ್ಬೇಕು.”

ನಾನು ಲೆಕ್ಕವೆಂದು ಓದಿದ್ದು ಲೆಕ್ಕವಾಗಿರಲಿಲ್ಲ. ಹೆಚ್ಚು ಕಡಮೆಯ ಮಾತೇ ಅಲ್ಲಿಲ್ಲ; ತಾನಾಗಿ ಬರಲಾರದ್ದರ ಬಳಿಗೆ ಹೋಗುವವನ ಮಾತು ಅದು.

ಸಂಜೆ ಮುಳ್ಳುಬೇಲಿಯ ರೊಪ್ಪಕ್ಕೆ ಮಂದೆ ತಿರುಗಿತು. ಹಗಲೆಲ್ಲ ಬೆರೆತು ಮೇದ ಕುರಿ ಮೇಕೆಗಳನ್ನು ಅಜ್ಜ ಬೇರ್ಪಡಿಸಿದರು. ಅಂತ್ಯ ತೀರ್ಪಿನ ದಿನದ ಬಗೆಗೆ ಮತ್ತಾಯನು ಕೊಡುವ ಉಪಮೆ ನನ್ನ ಕಣ್ಣ ಮುಂದೆಯೇ ನಡೆಯಿತು. ಬೇಲಿಯಲ್ಲಿ ಬಿಟ್ಟ ಕಂಡಿಗೆ ಕದವಿರಲಿಲ್ಲ. ಅಜ್ಜ ಅಲ್ಲಿಯೇ ಕಂಬಳಿ ಹಾಸಿದರು. ಯೇಸು ತನ್ನನ್ನು ಕುರಿಗಳ ಬಾಗಿಲೆಂದು ಕರೆದುಕೊಂಡದ್ದು ಯೋಹಾನನ ಸುವಾರ್ತೆಯಲ್ಲಿ ನನಗೆ ಒಗಟಾಗಿತ್ತು. ಕದವಿಲ್ಲದ ರೊಪ್ಪಕ್ಕೆ, ಅಡ್ಡ ಮಲಗಿದ ಮನುಷ್ಯನೇ ಬಾಗಿಲು!

ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ನೆಲಸಿ ಬೈಬಲನ್ನು ಕನ್ನಡಿಸತೊಡಗಿದ ಬಳ್ಳಾರಿ ಇಲ್ಲಿಗೆ ದೂರವೇನಲ್ಲ. ಮುಂದಿನವರು ಅನುವಾದವನ್ನು ಮತ್ತೆ ಮತ್ತೆ ತಿದ್ದಿದರು. ಇಂದು ಕೈಯಲ್ಲಿರುವ ಸತ್ಯವೇದದಲ್ಲಿ ದೇವರನ್ನು ಕೀರ್ತನಕಾರ ‘ಕುರುಬ’ ಎಂದೇ ಕರೆಯುತ್ತಾನೆ. ‘ಮೇಷಪಾಲ’ ಎಂಬ ಪಂಡಿತರ ಶಬ್ದವಲ್ಲ. ನಗರದ ಕೋಣೆಯಲ್ಲಿ ನಾನು ಗಮನಿಸದೆ ದಾಟಿದ್ದ ಆ ಪದ ಇಲ್ಲಿ ಕಂಬಳಿ ಹೊದ್ದು ಎದುರು ಕುಳಿತಿತ್ತು. ಗೊಲ್ಲರ ಹಟ್ಟಿಗಳಲ್ಲಿ ಗಣೆಯೂದಿ ಹಾಡುವ ಜುಂಜಪ್ಪನೂ ದನಗಾಹಿಯೇ. ಮಂದೆ ಕಾಯುವ ದೈವ ಈ ನೆಲಕ್ಕೆ ಹೊಸತಲ್ಲ.

ರೊಪ್ಪದ ಆಚೆ, ಬೆಳದಿಂಗಳಲ್ಲಿ, ಉದ್ದನೆಯ ಗೋಡೆ ಕಾಣುತ್ತಿತ್ತು. 2010ರ ಹೊತ್ತಿಗೆ ಈ ಭಾಗದ ಕಾವಲುಗಳಲ್ಲಿ ಸಾವಿರಾರು ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನಗಳ ಸಂಸ್ಥೆಗಳಿಗೆ ಹಂಚಿಕೆಯಾಯಿತು. 2013ರಲ್ಲಿ ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮುಂದಿತ್ತು. “ಅದರಾಚೆ ನಮ್ಮಪ್ಪ ಕುರಿ ಮೇಯಿಸ್ತಿದ್ದ” ಎಂದಷ್ಟೇ ಅಜ್ಜ ಹೇಳಿದರು.

ನನಗೆ ಅರಸುಗಳ ಚರಿತ್ರೆಯ ನಾಬೋತನ ನೆನಪಾಯಿತು. ಅರಮನೆಯ ಪಕ್ಕದ ಅವನ ದ್ರಾಕ್ಷಿತೋಟವನ್ನು ಅಹಾಬ ರಾಜ ಬಯಸಿದ. ಬದಲಿ ತೋಟ, ಇಲ್ಲವೆ ಹಣ ಕೊಡುವೆನೆಂದ. ಪಿತ್ರಾರ್ಜಿತವನ್ನು ಕೊಡಲಾರೆನೆಂದ ನಾಬೋತನ ಮೇಲೆ ರಾಣಿ ಸುಳ್ಳುಸಾಕ್ಷಿ ಹೂಡಿ, ಅವನನ್ನು ಕಲ್ಲೆಸೆದು ಕೊಲ್ಲಿಸಿದಳು. ಹೋಲಿಕೆ ಸರಿಹೊಂದದು, ಇಲ್ಲಿ ಯಾರೂ ಅಂಥ ಪಾತಕಿಗಳಲ್ಲ, ದೇಶದ ವಿಜ್ಞಾನಕ್ಕೂ ನೆಲ ಬೇಕು. ಆದರೂ ಕಥೆಯನ್ನು ಹೇಳಿದೆ.

“ತೋಟ ತಿರುಗಿ ಬಂತಾ?”

“ಇಲ್ಲ ಅಜ್ಜ. ಆದರೆ ಎಲೀಯನೆಂಬ ಪ್ರವಾದಿ ಆ ತೋಟಕ್ಕೇ ಹೋಗಿ, ಕೊಂದದ್ದಲ್ಲದೆ ಆಸ್ತಿಯನ್ನೂ ವಶಮಾಡಿಕೊಂಡೆಯಾ ಎಂದು ರಾಜನನ್ನು ಕೇಳಿದ.”

ಅಜ್ಜ ಬಹಳ ಹೊತ್ತು ಸುಮ್ಮನಿದ್ದರು. “ಕೇಳಿದೋನು ಒಬ್ಬ ಇದ್ದ ಅಂತ ಬರೆದಿಟ್ಟವ್ರಲ್ಲ ಮೇಷ್ಟ್ರೇ, ಅದು ದೊಡ್ಡದು” ಎಂದು ಕಂಬಳಿ ಹೊದ್ದು, ಕಂಡಿಗೆ ಅಡ್ಡಲಾಗಿ ಮಲಗಿದರು.

ಊರಿಗೆ ಮರಳಿ ಪುಸ್ತಕವನ್ನು ಮತ್ತೆ ತೆರೆದಿದ್ದೇನೆ. ಯಾಜಕಕಾಂಡ ಇನ್ನೂ ಬಾಕಿ ಇದೆ. ಅದನ್ನು ಬಿಡಿಸಿ ಹೇಳುವ ಗುರು ಯಾವ ಬಯಲಿನಲ್ಲಿ ಸಿಕ್ಕುವನೋ!