ಬಾರ್‌ಗೆ ಬೆನ್ನು ಕೊಟ್ಟು

ಹೈಸ್ಕೂಲಿನಲ್ಲಿ ನಾನು ಹೈಜಂಪ್ ಹಾರುತ್ತಿದ್ದದ್ದು ಸಿಸರ್ ಶೈಲಿಯಲ್ಲಿ. ಒಂದೊಂದೇ ಕಾಲು ದಾಟಿಸಿ, ಮರಳಿನಲ್ಲಿ ನಿಂತು ಇಳಿಯುವುದು. ಜಿಲ್ಲಾ ಮಟ್ಟಕ್ಕೆ ಅಷ್ಟು ಸಾಕಾಯಿತು. ಮುಂದೆ ಹೋಗಬೇಕಾದರೆ ಫ್ಲಾಪ್ ಕಲಿಯಬೇಕು ಎಂದರು. 1968ರಲ್ಲಿ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಡಿಕ್ ಫಾಸ್ಬರಿ ಬಾರ್‌ಗೆ ಬೆನ್ನು ಕೊಟ್ಟು 2.24 ಮೀಟರ್ ಹಾರಿ ಚಿನ್ನ ಗೆದ್ದಿದ್ದು ಹಾಗೆಯೇ. ಆದರೆ ಅವರು ಬೀಳುತ್ತಿದ್ದದ್ದು ಫೋಮ್ ಮೇಲೆ. ನಮಗಿದ್ದದ್ದು ಮರಳು.

ಆ ಮರಳಿನಲ್ಲೇ ಫ್ಲಾಪ್ ಹಾರಲು ಹೋಗಿ ಒಂದು ಸಂಜೆ ಕತ್ತಿನ ಮೇಲೆ ಬಿದ್ದೆ. ಎರಡೂ ಕೈ ಜೋಮು ಹಿಡಿದವು. ಬೆರಳು ಆಡಲಿಲ್ಲ. ಎತ್ತಲು ಬಂದವರನ್ನು ಜೊತೆಯ ಹುಡುಗಿಯೊಬ್ಬಳು ತಡೆದಳು, "ಮುಟ್ಟಬೇಡಿ" ಎಂದು. ಇವತ್ತಿಗೂ ಅವಳನ್ನು ನೆನೆಯುತ್ತೇನೆ. ಸ್ವಲ್ಪ ಹೊತ್ತಿಗೆ ಜೋಮು ಬಿಟ್ಟಿತು. ಮೂಳೆ ಮುರಿದಿರಲಿಲ್ಲ. ಕತ್ತಿಗೆ ಕಾಲರ್ ಹಾಕಿದರು. ಆ ರಾತ್ರಿ ಅವ್ವ ನನ್ನ ಬೆರಳುಗಳನ್ನು ಮತ್ತೆ ಮತ್ತೆ ಮುಟ್ಟಿ ನೋಡಿದಳು.

ಆಮೇಲೆ ಕ್ರೀಡಾ ಹಾಸ್ಟೆಲ್ ಸೇರಿದೆ. ಅಲ್ಲಿ ದಪ್ಪ ಮ್ಯಾಟ್ ಇತ್ತು. ಆದರೂ ಬಾರ್ ಹತ್ತಿರ ಬಂದರೆ ಕಾಲು ನಿಂತುಬಿಡುತ್ತಿತ್ತು. ಕೋಚ್ ಸರ್ ಬೈಯಲಿಲ್ಲ. ಬಾರ್ ತೆಗೆದಿಟ್ಟರು. ಮೊದಲು ಗದ್ದವನ್ನು ಎದೆಗೆ ಒತ್ತಿ ಮ್ಯಾಟ್ ಮೇಲೆ ಹಿಂದಕ್ಕೆ ಬೀಳುವುದಷ್ಟೇ. ಆಮೇಲೆ ಬಾಗಿದ ದಾರಿಯಲ್ಲಿ ಓಡಿಬಂದು ಹಳೆಯ ಸಿಸರ್. "ಚಿಮ್ಮೋ ಕಾಲು ಎರಡಕ್ಕೂ ಒಂದೇ. ಅರ್ಧ ನಿನಗೆ ಆಗಲೇ ಬರುತ್ತೆ" ಎಂದರು. ಆ ಮಾತಿನಿಂದ ಧೈರ್ಯ ಬಂತು. ಆಮೇಲೆ ಬಾರ್ ಬದಲು ಎಲಾಸ್ಟಿಕ್ ಕಟ್ಟಿದರು.

ಕಷ್ಟವಾದದ್ದು ನಡುವಿನ ತಿಂಗಳುಗಳು. ಒಳಕ್ಕೆ ವಾಲು, ಮಂಡಿ ಎತ್ತು, ಸೊಂಟ ಎತ್ತು. ಒಂದು ನೆನಪಾದರೆ ಇನ್ನೊಂದು ಮರೆಯುತ್ತಿತ್ತು. ಸಿಸರ್‌ನಲ್ಲಿ ಸುಲಭವಾಗಿ ದಾಟಿದ ಎತ್ತರವೂ ಆಗುತ್ತಿರಲಿಲ್ಲ. ನನಗಿಂತ ಚಿಕ್ಕವರು ಮುಂದೆ ಹೋದರು. ಬಾರ್ ಮೇಲೆ ಬಿದ್ದು ಬೆನ್ನು ಕಂದಿತು. ಬೋರಲು ಮಲಗುತ್ತಿದ್ದೆ. ಊರಿಗೆ ಹೋಗುತ್ತೇನೆ ಎಂದೆ. ಸರ್ ಹೇಳಿದರು: "ಈಗ ತಲೆ ಹೇಳುತ್ತೆ, ಮೈ ಕೇಳಲ್ಲ. ಮುಂದೆ ಕೇಳುತ್ತೆ, ಆದರೂ ತಪ್ಪುತ್ತೆ. ಕೊನೆಗೆ ತಲೆ ಹೇಳೋದೇ ಬೇಕಾಗಲ್ಲ." ಕಲಿಕೆಯ ಇದೇ ಮೂರು ಹಂತಗಳನ್ನು ಮನೋವಿಜ್ಞಾನಿಗಳಾದ ಫಿಟ್ಸ್ ಮತ್ತು ಪೋಸ್ನರ್ 1967ರಲ್ಲೇ ಬರೆದಿದ್ದಾರೆ ಎಂದು ಬಿ.ಪಿ.ಎಡ್. ಓದುವಾಗ ತಿಳಿಯಿತು. ಆಗ ತಿಳಿದಿದ್ದರೂ ನೋವು ಕಡಿಮೆಯಾಗುತ್ತಿರಲಿಲ್ಲ.

ಯಾವತ್ತು ಕಲಿತೆ ಎಂದು ಹೇಳಲಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಹಳೆಯ ಎತ್ತರ ದಾಟಿದೆ. ಬಾರ್ ಏರಿಸಿದಾಗಲೆಲ್ಲ ಭಯ ಮರಳಿ ಬರುತ್ತಿತ್ತು. ಭಯದಲ್ಲೇ ಓಡಿದೆ.

ಈಗ ನಾನೂ ದೈಹಿಕ ಶಿಕ್ಷಣ ಶಿಕ್ಷಕಿ. ನಮ್ಮ ಶಾಲೆಯಲ್ಲೂ ಮ್ಯಾಟ್ ಇಲ್ಲ. ಬಾಗಿದ ಓಟದ ಸಿಸರ್ ಮಾತ್ರ ಕಲಿಸುತ್ತೇನೆ. ಫ್ಲಾಪ್‌ಗೂ ಅದೇ ಬುನಾದಿ. ಮ್ಯಾಟ್ ಬರುವವರೆಗೆ ಮಕ್ಕಳನ್ನು ಬೆನ್ನ ಮೇಲೆ ಬೀಳಿಸಬೇಡಿ ಎಂದು ನನ್ನಂಥ ಶಿಕ್ಷಕರನ್ನು ಕೇಳಿಕೊಳ್ಳುತ್ತೇನೆ.