ಖಾಲಿ ಹುದ್ದೆಯ ಬಾಕಿ ಯಾರು ಕೊಡಬೇಕು?

ನಮ್ಮಪ್ಪ ಸಾಲಿಯೊಳಗೆ ಕಾಲಿಟ್ಟವನಲ್ಲ. ಅವನು ಹುಡುಗನಾಗಿದ್ದಾಗ ಊರಲ್ಲಿ ಸಾಲಿ ನಡೆಯುತ್ತಿದ್ದದ್ದು ಹನುಮಪ್ಪನ ಗುಡಿಯ ಪೌಳಿಯಲ್ಲಿ. ಗುಡಿಗೆ ನಮಗೆ ಪ್ರವೇಶವಿರಲಿಲ್ಲ, ಹಂಗಾಗಿ ಸಾಲಿಗೂ ಇರಲಿಲ್ಲ. ಅದಕ್ಕೆ ಬೇರೆ ಕಾನೂನೇನೂ ಬೇಕಾಗಿರಲಿಲ್ಲ. ಮಾಸ್ತರ ಮಗ್ಗಿ ಹೇಳಿಸುವಾಗ ಅಪ್ಪ ಗೌಡರ ದನ ಬಿಟ್ಟುಕೊಂಡು ಬೇವಿನ ಗಿಡದ ಕೆಳಗೆ ನಿಂತು ಕೇಳುತ್ತಿದ್ದನಂತೆ. ಹದಿನಾರರ ಮಗ್ಗಿಯವರೆಗೆ ಅವನಿಗೆ ಬಾಯಿಪಾಠ ಬರುತ್ತಿತ್ತು. ತನ್ನ ಹೆಸರು ಬರೆಯಲಿಕ್ಕೆ ಮಾತ್ರ ಸಾಯುವತನಕ ಬರಲಿಲ್ಲ.

ಅದೇ ಊರಿನ ಸರಕಾರಿ ಹಿರಿಯ ಪ್ರಾಥಮಿಕ ಸಾಲಿಯ ಎಸ್‌ಡಿಎಂಸಿಗೆ ನಾನು ಮೂರು ವರ್ಷ ಅಧ್ಯಕ್ಷನಾಗಿದ್ದೆ. ದೇವದುರ್ಗ ತಾಲೂಕಿನ ಊರು. ಹೆಸರು ಬರೆಯುವುದಿಲ್ಲ. ಬರೆದರೆ ತಪ್ಪು ಆ ಒಂದು ಊರಿನದು ಅಂತ ಆಗಿಬಿಡುತ್ತದೆ.

ಮೊದಲನೆಯ ಸಭೆಯ ದಿನ ಹೆಡ್‌ಮಾಸ್ತರು "ಬರ್ರಿ ಅಧ್ಯಕ್ಷರ, ಕುಂದರ್ರಿ" ಅಂತ ಕುರ್ಚಿ ಎಳೆದು ಕೊಟ್ಟರು. ದೊಡ್ಡೋಣಿಯ ಇಬ್ಬರು ಸದಸ್ಯರು ಬಾಗಿಲ ತನಕ ಬಂದವರು "ಹೊಲದಾಗ ಕೆಲಸ ಅದ" ಅಂತ ಹಂಗೇ ಹೊರಳಿ ಹೋದರು. ನಾನು ಕುರ್ಚಿ ಮೇಲೆ ಕುಂತಿದ್ದನ್ನು ನೋಡಿ ಅವರಿಗೆ ಹೊಲ ನೆನಪಾಯಿತು. ಇರಲಿ, ಅದು ಹಳೆಯ ರೋಗ, ನಮಗೆ ಗುರುತಿರುವ ರೋಗ. ನಾನು ಹೇಳಹೊರಟಿದ್ದು ಬೇರೆ ರೋಗದ ಸುದ್ದಿ. ಅದು ಗುರುತು ಸಿಗುವಂಥದ್ದಲ್ಲ.

ಹೆಡ್‌ಮಾಸ್ತರು ವಹಿ ತೆಗೆದು ಓದಿದರು. ಮಕ್ಕಳು 212. ಮಂಜೂರಾದ ಹುದ್ದೆ ಏಳು. ಇರುವವರು ಮೂರು ಮಂದಿ, ಅದರಲ್ಲಿ ಒಬ್ಬರು ಅವರೇ. "ಸಹಿ ಮಾಡ್ರಿ" ಅಂದರು. ನಾನು ಕೇಳಿದೆ, "ಉಳಿದ ನಾಕು ಮಂದಿ ಮಾಸ್ತರ್ರು ಯಾವಾಗ ಬರ್ತಾರ್ರಿ ಸರ?"

"ಅದು ನನ್ನ ಕೈಯಾಗಿಲ್ರಿ ಅಧ್ಯಕ್ಷರ. ನಿಮ್ಮ ಕೈಯಾಗೂ ಇಲ್ಲ."

ಹಾಗಾದರೆ ಯಾರ ಕೈಯಲ್ಲಿದೆ? ಮೂರು ವರ್ಷ ನಾನು ಹುಡುಕಿದ್ದು ಇದೊಂದನ್ನೇ.

ಗೆಳೆಯರೆ, ಮೊದಲು ನಮ್ಮ ಕೈಯಲ್ಲಿ ಏನಿದೆ ಎಂಬುದನ್ನು ನೋಡೋಣ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಹೇಳಿದ ಮೇಲೆ 2001ರಲ್ಲಿ ಸರಕಾರ ಈ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಮಾಡಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಅದಕ್ಕೆ ಬಲ ಕೊಟ್ಟಿತು. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳಿರಬೇಕು, ಅರ್ಧ ಹೆಂಗಸರಿರಬೇಕು, ನಮ್ಮಂಥವರಿಗೆ ಮಕ್ಕಳ ಸಂಖ್ಯೆಗೆ ತಕ್ಕಂತೆ ಜಾಗವಿರಬೇಕು. ಗುಡಿ ಪೌಳಿಯ ಹೊರಗೆ ನಿಂತವನ ಮಗ ಅಧ್ಯಕ್ಷನಾದದ್ದು ಈ ಕಾಯಿದೆಯಿಂದ. ಇದು ಸಣ್ಣ ಗೆಲುವಲ್ಲ, ನಾನು ಹಗುರ ಮಾಡುವುದಿಲ್ಲ.

ಆದರೆ ಅಧ್ಯಕ್ಷನ ಸಹಿಗೆ ಬರುವ ಹಣ ಎಷ್ಟು? ಸಮಗ್ರ ಶಿಕ್ಷಣ ಯೋಜನೆಯ ಲೆಕ್ಕದಲ್ಲಿ 101ರಿಂದ 250 ಮಕ್ಕಳಿರುವ ಸಾಲಿಗೆ ವರ್ಷಕ್ಕೆ 50,000 ರೂಪಾಯಿ. 31ರಿಂದ 100 ಮಕ್ಕಳಿದ್ದರೆ 25,000. ಅದರಲ್ಲಿ ಸುಣ್ಣಬಣ್ಣ, ಸೀಮೆಸುಣ್ಣ, ಕರೆಂಟು, ಮುರಿದ ನಲ್ಲಿ, ಕಸಬರಿಗೆ. ಕಸಬರಿಗೆ ತರುವ ಅಧಿಕಾರ ಊರಿಗಿದೆ, ಮಾಸ್ತರನ್ನು ತರುವ ಅಧಿಕಾರ ಊರಿಗಿಲ್ಲ.

ಕ್ಲಸ್ಟರಿನವರಿಂದ ಬಿಇಒ ಕಚೇರಿ, ಬಿಇಒ ಕಚೇರಿಯಿಂದ ರಾಯಚೂರಿನ ಉಪನಿರ್ದೇಶಕರ ಕಚೇರಿ, ಅಲ್ಲಿಂದ ಕಲಬುರಗಿಯ ಅಪರ ಆಯುಕ್ತರು, ಕೊನೆಗೆ ಬೆಂಗಳೂರು. ಸಾಲಿಯ ಆಡಳಿತ ಎಂದರೆ ಈ ಏಣಿ. ನಾನು ಅರ್ಜಿ ಹಿಡಿದು ಏರಿದೆ. ಒಂದು ಕಚೇರಿಯಲ್ಲಿ "ಮ್ಯಾಲಿಂದ ಬರಬೇಕು" ಅಂದರು. ಇನ್ನೊಂದರಲ್ಲಿ "ತೆಳಗಿಂದ ವರದಿ ಬರಬೇಕು" ಅಂದರು. ನಡುವೆ ನಿಂತವನ ಬಸ್ ಚಾರ್ಜು ಹೋಯಿತು, ಎರಡು ದಿನದ ಕೂಲಿ ಹೋಯಿತು.

ಈ ಏಣಿಯ ಪಕ್ಕದಲ್ಲಿ ಜನರದೊಂದು ಬಾಗಿಲು ಇತ್ತು. 1987ರಲ್ಲಿ ಜಿಲ್ಲಾ ಪರಿಷತ್ತು ಬಂದಾಗ ಹಳ್ಳಿಯ ಸಾಲಿ ಜನ ಆರಿಸಿದವರ ಕೈಗೆ ಬಂತು ಅಂತ ಕುಣಿದೆವು. 1993ರ ಕಾಯಿದೆಯಿಂದ ಅದು ಜಿಲ್ಲಾ ಪಂಚಾಯತಿ ಆಯಿತು. ಕೊನೆಗೆ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳ ಆಡಳಿತ ನಡೆಯಿತು. ನಾನು ಅಧ್ಯಕ್ಷನಾದಾಗ ನನ್ನ ಊರಿಗೆ ತಾಲೂಕು ಪಂಚಾಯತಿ ಸದಸ್ಯನಿರಲಿಲ್ಲ, ಜಿಲ್ಲಾ ಪಂಚಾಯತಿ ಸದಸ್ಯನೂ ಇರಲಿಲ್ಲ. ಬೈಯಬೇಕೆಂದರೂ ಅಲ್ಲಿ ಯಾರೂ ಇರಲಿಲ್ಲ.

ಈಗ ದುಡ್ಡಿನ ಮಾತು. ಅಮೆರಿಕದಲ್ಲಿ ಬಹುತೇಕ ಕಡೆ ಊರಿಗೊಂದು, ಬಡಾವಣೆಗೊಂದು ಸಾಲಿ ಜಿಲ್ಲೆ ಇರುತ್ತದಂತೆ. ಜನ ಓಟು ಹಾಕಿ ಆರಿಸಿದ ಮಂಡಳಿಯೇ ಮಾಸ್ತರನ್ನು ನೇಮಿಸುತ್ತದೆ. ಖರ್ಚಿನ ದೊಡ್ಡ ಪಾಲು ಆ ಊರಿನ ಮನೆ-ಜಾಗದ ತೆರಿಗೆಯಿಂದಲೇ ಬರುತ್ತದೆ. ಹಂಗಾಗಿ ಸಿರಿವಂತರ ಊರಿಗೆ ಸಿರಿವಂತ ಸಾಲಿ, ಬಡವರ ಊರಿಗೆ ಬಡ ಸಾಲಿ. ಟೆಕ್ಸಾಸಿನ ಸ್ಯಾನ್ ಆಂಟೋನಿಯೊದ ಬಡ ತಂದೆತಾಯಿಗಳು, ಮೆಕ್ಸಿಕೊ ಮೂಲದವರು, ಇದು ಅನ್ಯಾಯ ಅಂತ ಕೋರ್ಟಿಗೆ ಹೋದರು. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತದಿಂದ ಅವರ ಅರ್ಜಿ ತಳ್ಳಿಹಾಕಿತು.

ನಮ್ಮಲ್ಲಿ ಹಂಗಿಲ್ಲ. ದೇವದುರ್ಗದ ಮಾಸ್ತರಿಗೂ ಮಂಗಳೂರಿನ ಮಾಸ್ತರಿಗೂ ಪಗಾರ ಒಂದೇ ಖಜಾನೆಯಿಂದ, ಒಂದೇ ಶ್ರೇಣಿಯಲ್ಲಿ. ನಮ್ಮ ಊರು ಬಡದು ಅಂತ ಪಗಾರ ಕಡಿಮೆಯಾಗುವುದಿಲ್ಲ. ಕಾಗದದ ಮೇಲೆ ನಾವು ಸಮಾನರು. ಅಸಮಾನತೆ ಹಿತ್ತಲ ಬಾಗಿಲಿಂದ ಒಳಗೆ ಬರುತ್ತದೆ. ಆ ಹಿತ್ತಲ ಬಾಗಿಲಿನ ಹೆಸರು ಖಾಲಿ ಹುದ್ದೆ.

ಲೆಕ್ಕ ಹಾಕಿ ನೋಡಿ. ನಮ್ಮ ಸಾಲಿಗೆ ಏಳು ಹುದ್ದೆ ಮಂಜೂರು ಎಂದರೆ ಏಳು ಪಗಾರ ನಮ್ಮ ಮಕ್ಕಳ ಹೆಸರಿಗೆ ಎತ್ತಿಟ್ಟಂತೆ. ನಾಲ್ಕು ಖಾಲಿ ಎಂದರೆ ನಾಲ್ಕು ಪಗಾರ ಪ್ರತಿ ತಿಂಗಳು ಖಜಾನೆಯಲ್ಲೇ ಉಳಿಯಿತು. ಆ ಜಾಗಕ್ಕೆ ಇಬ್ಬರು ಅತಿಥಿ ಶಿಕ್ಷಕರು ಬಂದರು. ಪ್ರಾಥಮಿಕ ಸಾಲಿಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 10,000 ರೂಪಾಯಿ. 2025ರ ಬಜೆಟ್ಟಿನಲ್ಲಿ 2,000 ಏರಿಸಿದರು. ಕಾಯಂ ಮಾಸ್ತರನ ಪಗಾರದ ಅರ್ಧಕ್ಕೂ ಬಹಳ ಕೆಳಗೆ. ಅವರೂ ನಮ್ಮ ಹುಡುಗರೇ, ಬಿ.ಎಡ್. ಮಾಡಿ ರಜೆಯಲ್ಲಿ ಮೆಣಸಿನಕಾಯಿ ಬಿಡಿಸಲು ಹೋಗುವ ನಮ್ಮ ಹುಡುಗಿಯರೇ. ಉಳಿದ ದುಡ್ಡು? ಅದು ನಮ್ಮ ಕೇರಿಯ ಮಕ್ಕಳಿಂದ ಸರಕಾರ ಪಡೆದ ಕೈಗಡ. ನಾವು ಸೊಸೈಟಿಯಲ್ಲಿ ಸಾಲ ಮಾಡಿದರೆ ಬಡ್ಡಿ ಸಮೇತ ಬರೆದಿಡುತ್ತಾರೆ. ಈ ಸಾಲಕ್ಕೆ ಬಡ್ಡಿ ಇಲ್ಲ, ಅಸಲಿಲ್ಲ, ಬರೆದಿಡುವ ವಹಿಯೂ ಇಲ್ಲ.

ಶಿಕ್ಷಣ ಹಕ್ಕು ಕಾಯಿದೆಯ 26ನೇ ಕಲಮು ಓದಿ. ಸರಕಾರಿ ಸಾಲಿಯಲ್ಲಿ ಖಾಲಿ ಹುದ್ದೆ ಮಂಜೂರಾದದ್ದರ ಶೇ 10 ದಾಟಬಾರದು ಅಂತ ಸ್ಪಷ್ಟವಾಗಿ ಬರೆದಿದೆ. ಇನ್ನು ನಮ್ಮ ರಾಜ್ಯದ 2020ರ ಶಿಕ್ಷಕರ ವರ್ಗಾವಣೆ ಕಾಯಿದೆ ನೋಡಿ. ಶೇ 25ಕ್ಕಿಂತ ಹೆಚ್ಚು ಹುದ್ದೆ ಖಾಲಿ ಇರುವ ತಾಲೂಕಿನಿಂದ ಮಾಸ್ತರರು ಹೊರಗೆ ಹೋಗುವಂತಿಲ್ಲ ಅಂತ ಅದರಲ್ಲಿದೆ. ಒಂದು ಕಾಯಿದೆ ಹತ್ತು ದಾಟಬಾರದು ಅನ್ನುತ್ತದೆ. ಇನ್ನೊಂದು ಕಾಯಿದೆ ಇಪ್ಪತ್ತೈದು ದಾಟಿದ ತಾಲೂಕುಗಳು ಇದ್ದೇ ಇರುತ್ತವೆ ಅಂತ ಒಪ್ಪಿಕೊಂಡು ಬೀಗ ಹಾಕುತ್ತದೆ. ಆ ಬೀಗದೊಳಗೆ ಸಿಕ್ಕವರ ಸಂಕಟವನ್ನೂ ನಾನು ಕಂಡಿದ್ದೇನೆ. ತೆಂಕಣ ಸೀಮೆಯಿಂದ ಬಂದ ಒಬ್ಬ ಟೀಚರಮ್ಮ ಗಂಡ ಮಕ್ಕಳನ್ನು ಬಿಟ್ಟು ವರ್ಷಗಟ್ಟಲೆ ನಮ್ಮೂರಲ್ಲಿ ದುಡಿದರು. ಒಂದಿನ ಅಡುಗೆ ಕೋಣೆಯಲ್ಲಿ ಕುಂತು ಅತ್ತರು. ಅವರು ನಮಗೆ ಶತ್ರುವಲ್ಲ. ಹೊಸಬರನ್ನು ತುಂಬದೆ ಇದ್ದವರನ್ನು ಕಟ್ಟಿಹಾಕಿ, ಮಾಸ್ತರರನ್ನೂ ಊರನ್ನೂ ಜಗಳಕ್ಕೆ ಬಿಡುವುದು ಉಳ್ಳವರ ಹಳೆಯ ಆಟ.

"ನಿಮಗೇನು ಕಡಿಮೆ, ಕೋಟಿ ಕೋಟಿ ಬರ್ತದ" ಅಂತ ಹೇಳುವವರಿದ್ದಾರೆ. ಹೌದು. 2002ರಲ್ಲಿ ನಂಜುಂಡಪ್ಪ ಸಮಿತಿ 114 ತಾಲೂಕು ಹಿಂದುಳಿದವು ಅಂದಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಎಲ್ಲಕ್ಕಿಂತ ಕೆಳಗಿದ್ದದ್ದು ನಮ್ಮ ದೇವದುರ್ಗ. ಹೋರಾಟ ಮಾಡಿ 371(ಜೆ) ತಂದೆವು. 2013ರಲ್ಲಿ ಅಭಿವೃದ್ಧಿ ಮಂಡಳಿ ಬಂತು. ಅದರ ಅನುದಾನ 2022-23ರಲ್ಲಿ 3,000 ಕೋಟಿ, 2023-24ರಲ್ಲಿ 5,000 ಕೋಟಿ ಅಂತ ಬಜೆಟ್ಟಿನಲ್ಲಿ ಘೋಷಣೆಯಾಯಿತು. 'ಅಕ್ಷರ ಆವಿಷ್ಕಾರ' ಅಂತ ಕಾಲುಭಾಗ ಶಿಕ್ಷಣಕ್ಕೆ ಎತ್ತಿಟ್ಟರು. ಕೋಣೆಗಳು ಎದ್ದವು. ನಮ್ಮೂರಲ್ಲೂ ಎರಡು ಎದ್ದವು, ಚಂದ ಅದಾವ. ಆದರೆ ಮಂಡಳಿಗೆ ಕಾಯಂ ಹುದ್ದೆ ತುಂಬುವ ಅಧಿಕಾರವಿಲ್ಲ. ಕೋಣೆ ಕಟ್ಟಿದರೆ ಗುತ್ತಿಗೆದಾರನಿಗೆ ಪಾಲಿದೆ, ಮಾಸ್ತರ ಬಂದರೆ ಯಾರಿಗೂ ಪಾಲಿಲ್ಲ. 2022ರಲ್ಲಿ 15,000 ಪದವೀಧರ ಶಿಕ್ಷಕರಿಗೆ ಅರ್ಜಿ ಕರೆದಾಗ ನಮ್ಮ ಭಾಗಕ್ಕೆ 5,000 ಇಟ್ಟರು. ಅದು ಕೋರ್ಟು ಕಟ್ಟೆ ಹತ್ತಿ ಇಳಿದು, ನಮ್ಮೂರಿಗೆ ಒಬ್ಬ ಟೀಚರು ಬರುವ ಹೊತ್ತಿಗೆ 2023 ಮುಗಿಯುತ್ತಾ ಬಂದಿತ್ತು.

ಮಾನ್ವಿ ಕಡೆ ನನ್ನ ತಂಗಿಯ ಮನೆ. ಮಾನ್ವಿ ನಮ್ಮಂಥ ಊರಲ್ಲ, ತುಂಗಭದ್ರೆ ಎಡದಂಡೆ ಕಾಲುವೆ ಹರಿದ ನೆಲ. ಭತ್ತ, ಅಕ್ಕಿ ಗಿರಣಿ, ದೊಡ್ಡ ಮನೆಗಳು. ನೀರು ಬಂದಲ್ಲಿ ಅಕ್ಷರವೂ ಬರಬೇಕಿತ್ತಲ್ಲ? ಬಂತು, ಗದ್ದೆ ಇದ್ದವರಿಗೆ. ಅವರ ಮಕ್ಕಳು ಬೆಳಿಗ್ಗೆ ಹಳದಿ ವ್ಯಾನಿನಲ್ಲಿ ಇಂಗ್ಲಿಷ್ ಸಾಲಿಗೆ, ದೊಡ್ಡವರಾದವರು ರಾಯಚೂರಿನ ಕಾಲೇಜಿಗೆ ಹೋಗುತ್ತಾರೆ. ಅದೇ ಗದ್ದೆಯಲ್ಲಿ ನಾಟಿ ಹಚ್ಚುವವರ ಮಕ್ಕಳು ಸರಕಾರಿ ಸಾಲಿಗೆ ಹೋಗುತ್ತಾರೆ. ಊರಿನ ದನಿ ಇದ್ದವರ ಒಂದು ಕೂಸೂ ಅಲ್ಲಿ ಇಲ್ಲದ ಮೇಲೆ ಖಾಲಿ ಹುದ್ದೆ ಯಾರಿಗೆ ಚುಚ್ಚಬೇಕು? 2021ರ ಡಿಸೆಂಬರಿನಲ್ಲಿ ನಮ್ಮ ಭಾಗದ ಮಕ್ಕಳ ಊಟಕ್ಕೆ ಮೊಟ್ಟೆ ಕೊಟ್ಟಾಗ ಮಠಗಳಿಂದ ದೊಡ್ಡ ದನಿ ಎದ್ದಿತು. ಮಾಸ್ತರಿಲ್ಲದ ತರಗತಿಗಾಗಿ ಯಾವ ಮಠವೂ ಬೀದಿಗೆ ಬಂದದ್ದನ್ನು ನಾನು ಕಾಣೆ.

ತಂಗಿಯ ಮಗಳು 2024ರಲ್ಲಿ ಎಸ್ಸೆಸ್ಸೆಲ್ಸಿ ಕುಂತಳು. ಒಂಬತ್ತು ಮತ್ತು ಹತ್ತನೇ ಕ್ಲಾಸಿನ ಬಹುಪಾಲು ದಿನ ಅವಳ ಹೈಸ್ಕೂಲಿನಲ್ಲಿ ಗಣಿತಕ್ಕೆ ಕಾಯಂ ಮಾಸ್ತರಿರಲಿಲ್ಲ. ಆ ವರ್ಷ ಪರೀಕ್ಷೆ ಕೋಣೆಗೆಲ್ಲ ಕ್ಯಾಮೆರಾ ಬಂತು. ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ 73.40ಕ್ಕೆ ಬಿತ್ತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಉಡುಪಿ ಶೇ 94, ಕಟ್ಟಕಡೆಯ ಯಾದಗಿರಿ ಶೇ 50.59. ನಮ್ಮ ರಾಯಚೂರೂ ಪಟ್ಟಿಯ ಕೆಳಗಿನ ಸಾಲುಗಳಲ್ಲೇ. "ಕಾಪಿ ಹೊಡೀಲಿಕ್ಕೆ ಆಗಲಿಲ್ಲ, ಅದಕ್ಕ ಬಿದ್ದಾರ" ಅಂತ ಪ್ಯಾಟಿ ಮಂದಿ ನಕ್ಕರು. ಗಣಿತದಲ್ಲಿ ಫೇಲಾದ ಹುಡುಗಿ ಎಂಟು ದಿನ ಹೊರಗೆ ಬರಲಿಲ್ಲ. "ಮಾವ, ನನ್ನ ತಲಿ ದಡ್ಡ ಅದ" ಅಂದಳು.

ನಕಲು ಮಾಡಬಾರದು, ಒಪ್ಪಿದೆ. ಆದರೆ ಮೂರು ತಾಸು ಬರೆಯುವ ಹುಡುಗಿಯ ಮೇಲೆ ಕ್ಯಾಮೆರಾ ಇಟ್ಟವರು, ಎರಡು ವರ್ಷ ಖಾಲಿ ಇದ್ದ ಕುರ್ಚಿಯ ಮೇಲೆ ಯಾಕೆ ಇಡಲಿಲ್ಲ? ಫೇಲಾದದ್ದು ಅವಳ ಹೆಸರಿಗೆ ಬರೆಯಿತು. ತುಂಬದೆ ಬಿಟ್ಟ ಹುದ್ದೆ ಯಾರ ಹೆಸರಿಗೂ ಬರೆಯಲಿಲ್ಲ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಹೆಂಗಸರಲ್ಲಿ ಅಕ್ಷರ ಬಲ್ಲವರು ಶೇ 48.73. ಫೇಲಾದ ಹುಡುಗಿಗೆ ಮುಂದಿರುವುದು ಎರಡೇ ದಾರಿ: ಹತ್ತಿ ಬಿಡಿಸುವುದು, ಇಲ್ಲ ಲಗ್ನ. ತಂಗಿಯ ಮಗಳನ್ನು ನಾವು ಜಗಳ ಮಾಡಿ ಮತ್ತೆ ಪರೀಕ್ಷೆಗೆ ಕೂಡಿಸಿದೆವು. ನಮ್ಮೂರಿಗೆ ಬಂದ ಹೊಸ ಟೀಚರೇ ಸಂಜೆ ಗಣಿತ ಹೇಳಿಕೊಟ್ಟರು. ಪಾಸಾದಳು. ಆ ತಲೆ ದಡ್ಡ ಇರಲಿಲ್ಲ.

ನಮ್ಮ ತಪ್ಪನ್ನೂ ಹೇಳಬೇಕು. ಏಪ್ರಿಲ್ 14ಕ್ಕೆ ನಾವು ನೀಲಿ ಬಾವುಟ ಕಟ್ಟುತ್ತೇವೆ, ಡಿಜೆ ತರಿಸುತ್ತೇವೆ, ಬಾಬಾಸಾಹೇಬರು ಓದು ಅಂದರು ಅಂತ ಭಾಷಣ ಮಾಡುತ್ತೇವೆ. ನಮ್ಮೂರ ಸಾಲಿಯಲ್ಲಿ ಹುದ್ದೆ ಎಷ್ಟು, ಖಾಲಿ ಎಷ್ಟು ಅಂತ ಒಂದು ವರ್ಷವೂ ಕೇಳಿರಲಿಲ್ಲ. ಎರಡನೆಯ ವರ್ಷ ನಾನು ಎಸ್‌ಡಿಎಂಸಿ ನಡಾವಳಿ ವಹಿಯಲ್ಲಿ ಪ್ರತಿ ಸಭೆಗೂ ಮೊದಲ ಠರಾವು ಇದನ್ನೇ ಬರೆಸಿದೆ: ಮಂಜೂರು ಇಷ್ಟು, ಇರುವವರು ಇಷ್ಟು, ಖಾಲಿ ಇಷ್ಟು, ಎಷ್ಟು ದಿನದಿಂದ. ಸಾಲಿಯ ಗೋಡೆ ಮೇಲೂ ಬರೆಸೋಣ ಅಂದಾಗ ಹೆಡ್‌ಮಾಸ್ತರು "ಅಧ್ಯಕ್ಷರ, ನನ್ನ ನೌಕರಿಗಿ ಸಂಚಕಾರ ಬರ್ತದ" ಅಂತ ಕೈ ಮುಗಿದರು. ಅವರನ್ನು ಯಾಕೆ ಸಿಕ್ಕಿಸಬೇಕು? ನಮ್ಮ ಕೇರಿಯ ಸಮುದಾಯ ಭವನದ ಗೋಡೆ ಮೇಲೆ ಬರೆದೆವು. ಮಂಜೂರು 7, ಖಾಲಿ 4. ಹೊಸ ಟೀಚರು ಬಂದ ದಿನ ನನ್ನ ಮಗಳು ನಾಲ್ಕನ್ನು ಅಳಿಸಿ ಮೂರು ಬರೆದಳು. ಮರುವರ್ಷ ಒಬ್ಬ ಮಾಸ್ತರು ನಿವೃತ್ತರಾದರು. ಮತ್ತೆ ನಾಲ್ಕು.

ಓದುವ ಗೆಳೆಯರಲ್ಲಿ ಮಾಸ್ತರರಿದ್ದೀರಿ, ಹಾಸ್ಟೆಲಿನ ವಿದ್ಯಾರ್ಥಿಗಳಿದ್ದೀರಿ, ಸಂಘಟನೆಯವರಿದ್ದೀರಿ. ನಿಮ್ಮೂರ ಸಾಲಿಯ ಲೆಕ್ಕ ಕೇಳಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಹತ್ತು ರೂಪಾಯಿ. ಕೇರಿಯ ಗೋಡೆ ಮೇಲೆ ಬರೆಯಿರಿ, 26ನೇ ಕಲಮನ್ನೂ ಪಕ್ಕದಲ್ಲಿ ಬರೆಯಿರಿ. ಓಟು ಕೇಳಲು ಬಂದವರನ್ನು ಆ ಗೋಡೆಯ ಮುಂದೆಯೇ ನಿಲ್ಲಿಸಿ ಮಾತಾಡಿಸಿರಿ. ಒಂದೂರಿನ ಗೋಡೆಯನ್ನು ಸುಣ್ಣ ಬಳಿದು ಮುಚ್ಚಬಹುದು, ತಾಲೂಕಿನ ಎಲ್ಲ ಗೋಡೆಗಳನ್ನು ಮುಚ್ಚುವಷ್ಟು ಸುಣ್ಣ ಅವರ ಹತ್ತಿರ ಇಲ್ಲ.

ಅಧ್ಯಕ್ಷಗಿರಿ ಮುಗಿಯಿತು. ಈಗ ನಮ್ಮ ಕೇರಿಯ ಒಬ್ಬ ಹೆಣ್ಣುಮಗಳು ಆ ಕುರ್ಚಿಯಲ್ಲಿದ್ದಾಳೆ. ಮೊನ್ನೆ ಸಭೆಯ ಹಿಂದಿನ ದಿನ ಬಂದು, "ಯಣ್ಣ, ಮೊದಲನೇ ಠರಾವು ಹೆಂಗ ಬರೆಸಬೇಕು, ಇನ್ನೊಮ್ಮಿ ಹೇಳು" ಅಂದಳು. ಹೇಳಿಕೊಟ್ಟೆ. ಗೋಡೆ ಮೇಲಿನ ನಾಲ್ಕು ಇನ್ನೂ ಹಂಗೇ ಅದ.