ಮಾಲ್ಗುಡಿಯ ನಗೆಗೆ ಬೀದರಿನ ಪಂಕ್ತಿ

ಹಾಸ್ಯಪ್ರಸಂಗಗಳನ್ನು ಮೇಲುಕೀಳಿನ ಪಂಕ್ತಿಯಲ್ಲಿ ಕೂರಿಸುವವರು ಸಾಮಾನ್ಯವಾಗಿ ಅವು ಎಬ್ಬಿಸಿದ ನಗೆಯ ಅಬ್ಬರವನ್ನೇ ಅಳೆಯುತ್ತಾರೆ. ಎಷ್ಟು ಜನ ನಕ್ಕರು, ಎಷ್ಟು ಹೊತ್ತು ನಕ್ಕರು ಎಂಬುದೇ ಅವರಿಗೆ ಪ್ರಮಾಣ. ನಮ್ಮ ಬಂಧುವರ್ಗದಲ್ಲಿ ಬೇರೊಂದು ಮಾನದಂಡ ನೆಲೆಗೊಂಡು ಬಹುಕಾಲವಾಯಿತು. ದೂರದರ್ಶನದಲ್ಲಿ ಕಂಡ ಯಾವ ಪ್ರಸಂಗವು ಪೆಟ್ಟಿಗೆಯ ಬೆಳಕು ಆರಿದ ಮೇಲೂ ನಮ್ಮನ್ನು ಬಿಡದೆ, ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ತಹಸೀಲ ಕಚೇರಿಯ ಪಡಸಾಲೆಯಲ್ಲಿ, ಬಾಳು ಹಠಾತ್ತನೆ ವಕ್ರವಾಗಿ ನಿಂತ ಗಳಿಗೆಯಲ್ಲಿ, ತಾನಾಗಿ ನಾಲಗೆಯ ಮೇಲೆ ಬಂದು ಕುಳಿತುಕೊಳ್ಳುವುದೋ ಅದಕ್ಕೆ ಮೇಲಿನ ಮಣೆ. ಕಂಡಾಗ ನಗಿಸಿ ಮರುದಿನ ಮರೆತುಹೋದುದಕ್ಕೆ, ಅದೆಷ್ಟೇ ಸೊಗಸಾಗಿರಲಿ, ಕೆಳಗಿನ ಮಣೆ. ಈ ನಿಯಮದಂತೆ ಬೀದರ್, ಭಾಲ್ಕಿ, ಔರಾದಗಳಲ್ಲಿ ಹಂಚಿಹೋಗಿರುವ ನಮ್ಮ ಮನೆಗಳ ಹಿರಿಕಿರಿಯರು ಇಂದಿಗೂ ವಾದಿಸುವುದು ಒಂದೇ ಒಂದು ಧಾರಾವಾಹಿಯನ್ನು ಕುರಿತು. ಅದು ಶಂಕರ್ ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್'.

1986ರಲ್ಲಿ ಅದು ಆರಂಭವಾದಾಗ ನಮ್ಮ ಕಡೆ ಬಾಗಿಲಿನಂತೆ ಸರಿಸುವ ಮರದ ಶಟರಿನ ಕಪ್ಪುಬಿಳುಪಿನ ಟಿ.ವಿ. ಇದ್ದುದೇ ವಿರಳ, ಓಣಿಗೊಂದು ಇದ್ದರೆ ಓಣಿಯೆಲ್ಲ ಅಲ್ಲಿಯೇ. ಎಲ್.ವೈದ್ಯನಾಥನ್ ಅವರ ಆ ರಾಗವು ಮೊಳಗಿ, ಆರ್.ಕೆ.ಲಕ್ಷ್ಮಣರ ರೇಖಾಚಿತ್ರಗಳು ಒಂದಾದ ಮೇಲೊಂದು ತೋರಿಬಂದೊಡನೆ, ಮಾಳಿಗೆಯ ಮೇಲೆ ನಿಂತು ಅಂಟೆನಾ ತಿರುಗಿಸುತ್ತಿದ್ದವನು 'ಬಂತೇನ್ರಿ? ಬಂತೇನ್ರಿ?' ಎಂದು ಕೂಗುವುದನ್ನೂ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನುಡಿಯು ಹಿಂದಿ, ಆದರೆ ದಖನಿಯನ್ನು ಉಸಿರಿನಷ್ಟೇ ಸಹಜವಾಗಿ ಆಡುವ ಬೀದರಿನ ಜನಕ್ಕೆ ಅದೊಂದು ತೊಡಕಾಗಲಿಲ್ಲ. ಅದಕ್ಕಿಂತ ಮಿಗಿಲಾದ ವಿಷಯವೆಂದರೆ, ಆ ಹಿಂದಿಯನ್ನು ಆಡುತ್ತಿದ್ದ ಮುಖಗಳು ಗಿರೀಶ ಕಾರ್ನಾಡರದು, ವೈಶಾಲಿ ಕಾಸರವಳ್ಳಿಯವರದು, ಅನಂತ್ ನಾಗರದು, ಬಾಲಕ ಮಂಜುನಾಥನದು. ಹಿಂದೆ ಸುರಿಯುತ್ತಿದ್ದ ಮಳೆ ಆಗುಂಬೆಯದು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯನ್ನು ನಮ್ಮ ಭಾಗದಲ್ಲಿ ಅರಿಯದವರಿಲ್ಲ. ಹೊರಗೆ ಹಿಂದಿಯ ಫಲಕವನ್ನು ಹೊತ್ತು ಒಳಗೆ ಕನ್ನಡ ರಂಗಭೂಮಿಯ ಜೀವವನ್ನು ತುಂಬಿಕೊಂಡು ಬಂದ ಈ ಧಾರಾವಾಹಿಯು ಭಾಲ್ಕಿಯವರಿಗೆ ಪರಕೀಯವೆನಿಸದೆ ಹೋದುದು ಸಹಜವೇ ಅಲ್ಲವೆ?

ಪಂಕ್ತಿಯ ವಿಚಾರಕ್ಕೆ ಬರೋಣ. ಧಾರಾವಾಹಿಯ ಮಾತೆತ್ತಿದರೆ ಲೋಕವೆಲ್ಲ ಮೊದಲು ನೆನೆಯುವುದು 'ಹೀರೋ' ಎಂಬ ಪ್ರಸಂಗವನ್ನು. ಹುಲಿಯೊಡನೆ ಹೋರಾಡಿದ ಹಳ್ಳಿಯ ಹುಡುಗನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ತಂದೆ, ಧೈರ್ಯವೊಂದಿದ್ದರೆ ಸಾಕೆಂದು ಸಾಧಿಸಿ, ಅಜ್ಜಿಯ ಮಗ್ಗುಲನ್ನು ಬಿಡದ ಸ್ವಾಮಿಯನ್ನು ಕಚೇರಿಯ ಕೋಣೆಯಲ್ಲಿ ಒಬ್ಬಂಟಿಯಾಗಿ ಮಲಗಿಸುತ್ತಾನೆ. ನಡುರಾತ್ರಿ ಭೂತವೆಂದು ಬಗೆದು ಕಚ್ಚಿಹಿಡಿದ ಕಾಲು ನಾಮಾಂಕಿತ ಕಳ್ಳನದಾಗಿ, ಬೆಳಗಾಗುವುದರೊಳಗೆ ಹುಡುಗ ಊರಿಗೆ ವೀರನಾಗುತ್ತಾನೆ. ಅಂದಿನ ರಾತ್ರಿ ವೀರನು ಮತ್ತೆ ಅಜ್ಜಿಯ ಮಗ್ಗುಲಲ್ಲಿ. ಇದನ್ನು ನಾನು ನಾಲ್ಕನೆಯ ಮಣೆಯಲ್ಲಿ ಕೂರಿಸುವುದನ್ನು ಕಂಡು ಹಲವರು ಮುನಿದಿದ್ದಾರೆ. ಕೃತಿಯಾಗಿ ಅದು ನಿರ್ದುಷ್ಟವೆಂಬುದನ್ನು ಒಪ್ಪುತ್ತೇನೆ. ಆದರೆ ಆ ನಿರ್ದುಷ್ಟತೆಯಿಂದಲೇ ಅದು ತನ್ನೊಳಗೆ ಮುಗಿದುಹೋಗುತ್ತದೆ, ನಮ್ಮ ಬಾಳಿಗೆ ಬಂದು ನೆಂಟಸ್ತನ ಬೆಳೆಸುವುದಿಲ್ಲ. ಕಳ್ಳನ ಕಾಲನ್ನು ಕಚ್ಚುವ ಯೋಗ ಎಷ್ಟು ಜನಕ್ಕೆ ಒದಗೀತು?

ನಿಜವಾದ ಕಲಹವಿರುವುದು ಎರಡನೆಯ, ಮೂರನೆಯ ಸ್ಥಾನಗಳಿಗಾಗಿ, ಮತ್ತು ಅದು ಊರೂರಿನ ನಡುವಣ ಕಲಹ.

ಭಾಲ್ಕಿಯವರ ಪಕ್ಷ 'ಇಂಜಿನ್ ಟ್ರಬಲ್' ಎಂಬುದಕ್ಕೆ. ಊರಿಗೆ ಬಂದ ವಿನೋದಪ್ರದರ್ಶನದಲ್ಲಿ ಅದೃಷ್ಟದ ಚೀಟಿಗೆ ಬಹುಮಾನವಾಗಿ ಒಬ್ಬ ಬಡ ಗೃಹಸ್ಥನಿಗೆ ರಸ್ತೆಯನ್ನು ಸಮಮಾಡುವ ಉಗಿಯ ಇಂಜಿನ್ ಒದಗುತ್ತದೆ. ಅದನ್ನು ನಿಲ್ಲಿಸಿದ ನೆಲಕ್ಕೆ ಪುರಸಭೆಯು ಬಾಡಿಗೆ ಕೇಳುತ್ತದೆ, ನಡೆಸುವವನಿಲ್ಲ, ಕೊಳ್ಳುವವನಿಲ್ಲ, ದೇವಸ್ಥಾನದ ಆನೆಯನ್ನೂ ಐವತ್ತು ಕೂಲಿಗಳನ್ನೂ ಹೂಡಿ ಎಳೆಸಿದರೆ ಅದು ಹೋಗಿ ಪರರ ಗೋಡೆಯನ್ನು ಕೆಡವುತ್ತದೆ, ಇಂಜಿನನ್ನು ಎದೆಯ ಮೇಲೆ ಹಾಯಿಸಿಕೊಳ್ಳಲು ಯೋಗಿಯೊಬ್ಬನು ಸಿದ್ಧನಾಗಿ ಬಂದು ವಿಮೋಚನೆಯ ಆಸೆ ಚಿಗುರಿತೆನ್ನುವಷ್ಟರಲ್ಲಿ ಸರ್ಕಾರದ ನಿಷೇಧ ಬರುತ್ತದೆ. ಕೊನೆಗೆ ಭೂಕಂಪವೇ ದಯೆತೋರಿ, ಮುಚ್ಚಿಸಬೇಕೆಂದು ಪುರಸಭೆ ಪೀಡಿಸುತ್ತಿದ್ದ ಹಾಳುಬಾವಿಗೆ ಇಂಜಿನನ್ನು ಬಿರಟೆಯಂತೆ ಕೂರಿಸಿ, ಬಾವಿಯ ಒಡೆಯನನ್ನೂ ಇಂಜಿನಿನ ಒಡೆಯನನ್ನೂ ಏಕಕಾಲಕ್ಕೆ ಋಣಮುಕ್ತರನ್ನಾಗಿ ಮಾಡುತ್ತದೆ.

ಈ ಪ್ರಸಂಗವು ಭಾಲ್ಕಿಯ ನಮ್ಮ ಕಾಕಾನ ಮನೆಯಲ್ಲಿ ಶಾಶ್ವತವಾಗಿ ನೆಲಸಲು ಕಾರಣವಿದೆ. ಕೊಟ್ಟ ಸಾಲಕ್ಕೆ ಬದಲಾಗಿ ಯಾರೋ ಒಬ್ಬರು ಕಬ್ಬಿಣದ ಹಳೆಯ ಕಬ್ಬಿನ ಗಾಣವೊಂದನ್ನು, ಅದರ ಸಂಗಡ ಬೆಲ್ಲದ ಕೊಪ್ಪರಿಗೆಯನ್ನು, ಎತ್ತಿನ ಗಾಡಿಯ ಮೇಲೆ ತಂದು ಅಂಗಳದಲ್ಲಿ ಇಳಿಸಿಹೋದರು. ಕಾಕಾನಿಗೆ ಕಬ್ಬಿನ ಹೊಲವಿರಲಿಲ್ಲ. ಮಳೆಗಾಲದಲ್ಲಿ ಗಾಣದ ಮೂರು ಉರುಳೆಗಳಿಂದ ತುಕ್ಕಿನ ಕೆಂಪುನೀರು ಇಳಿದು ಹಾಸುಗಲ್ಲಿನ ಮೇಲೆ ಗೆರೆ ಮೂಡಿಸುತ್ತಿತ್ತು. ಕೊಪ್ಪರಿಗೆಯಲ್ಲಿ ನೆರೆಮನೆಯ ಕೋಳಿ ತತ್ತಿಯಿಡುತ್ತಿತ್ತು. ಮದುವೆಯ ಹಂದರ ಹಾಕುವಾಗ ಗಾಣವನ್ನು ನಡುವೆ ಬಿಟ್ಟೇ ಕಂಬಗಳನ್ನು ನೆಡಬೇಕಾಯಿತು. ಧಾರಾವಾಹಿಯಲ್ಲಿ ಆ ಇಂಜಿನನ್ನು ಕಂಡ ದಿನ ಕಾಕೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತ, 'ನೋಡ್ರೀ, ನಮ್ಮನಿ ಗಾಣ ಟೀವಿನ್ಯಾಗ ಬಂದದ' ಎಂದಳು. ಕಾಕಾನೂ ನಕ್ಕನು, ಅದುವರೆಗೆ ಗಾಣದ ಮಾತೆತ್ತಿದರೆ ಅವನು ಸಿಡುಕುತ್ತಿದ್ದನು. ಅಂದಿನಿಂದ ನಮ್ಮಲ್ಲಿ ಬೇಡದ ಭಾಗ್ಯವೆಲ್ಲಕ್ಕೂ 'ಇಂಜಿನ್ ಬಂತು' ಎಂಬುದೇ ಮಾತು. ಸಂಘದ ಖಜಾಂಚಿಯಾಗಿ ಆರಿಸಿ ಬಂದವನಿಗೂ, ಬಹುಮಾನದಲ್ಲಿ ಹತ್ತನೆಯ ಗೋಡೆ ಗಡಿಯಾರ ಪಡೆದವನಿಗೂ ಅದೇ ಅಭಿನಂದನೆ.

ಔರಾದದ ನಮ್ಮ ಅಕ್ಕನ ಮನೆಯವರು ಮುಂದಿಡುವುದು ಅಂಚೆಯವನ ಕಥೆಯನ್ನು, 'ಮಿಸ್ಸಿಂಗ್ ಮೇಲ್' ಎಂಬುದನ್ನು. ತಾನಪ್ಪನೆಂಬ ಆ ಅಂಚೆಯವನು ಓಣಿಯ ಮನೆಮನೆಯ ಸುಖದುಃಖಗಳಲ್ಲಿ ಬೆರೆತವನು. ಒಂದು ಮನೆಯ ಹೆಣ್ಣುಮಗಳ ಲಗ್ನ ನಿಲ್ಲಬಾರದೆಂದು, ಬಂಧುವೊಬ್ಬರ ಮರಣವಾರ್ತೆಯನ್ನು ಹೊತ್ತ ಕಾಗದವನ್ನು ತನ್ನಲ್ಲಿಯೇ ತಡೆಹಿಡಿದು, ಶುಭಕಾರ್ಯ ಮುಗಿದ ಮೇಲೆ ತಂದು ಒಪ್ಪಿಸುವನು. ಒಂದೇ ಓಣಿಗೆ ಕನ್ನಡ, ಮರಾಠಿ, ಉರ್ದು ಮೂರೂ ಲಿಪಿಗಳ ಕಾಗದಗಳು ಬರುವ, ಅವನ್ನು ಓದಿ ಹೇಳುವ ಅಂಚೆಯವನೂ ಮನೆಯವನೇ ಆಗಿಬಿಡುವ ಔರಾದದಲ್ಲಿ ಈ ಕಥೆ ಹತ್ತಿರವಾದುದರಲ್ಲಿ ಆಶ್ಚರ್ಯವಿಲ್ಲ. ಆದರೂ ಇದನ್ನು ನಾನು ಪಂಕ್ತಿಯಿಂದ ಹೊರಗೆ, ಬೇರೆಯೇ ಪೀಠದಲ್ಲಿ ಇರಿಸಿದ್ದೇನೆ. ಅರ್ಧದವರೆಗೆ ನಗಿಸಿದ ಕಥೆಯು ಕೊನೆಯಲ್ಲಿ ಕಂಠವನ್ನು ಕಟ್ಟಿಸುತ್ತದೆ. ಹಾಸ್ಯದ ತಕ್ಕಡಿಯಲ್ಲಿ ಅದನ್ನು ತೂಗುವುದು ನ್ಯಾಯವಲ್ಲ. ಅಕ್ಕ ಇದಕ್ಕೆ ಒಪ್ಪಿಲ್ಲ, ಒಪ್ಪುವವಳೂ ಅಲ್ಲ.

ಭಾಲ್ಕಿಯವರ ಇಂಜಿನಿಗೆ ಮೂರನೆಯ ಮಣೆಯನ್ನು ಕೊಟ್ಟು, ಬೀದರಿನವನಾದ ನಾನು ಎರಡನೆಯ ಮಣೆಯನ್ನು 'ರೋಮನ್ ಇಮೇಜ್'ಗೆ ಮೀಸಲಿಟ್ಟಿದ್ದೇನೆ. ಪುರಾತತ್ತ್ವ ಪಂಡಿತರ ಸಹಾಯಕನೊಬ್ಬನು ಸರಯೂ ನದಿಯಲ್ಲಿ ಮುಳುಗಿ ಏಳುವಾಗ ಕೈಗೆ ತಗುಲಿದ ಭಗ್ನ ಶಿಲಾಮೂರ್ತಿಯನ್ನು ಪಂಡಿತರು ರೋಮನ್ ಶಿಲ್ಪವೆಂದು ನಿರ್ಣಯಿಸುತ್ತಾರೆ. ಲೋಕದ ವಿದ್ವಾಂಸರು ತಲೆದೂಗುತ್ತಾರೆ. ದಕ್ಷಿಣದೇಶಕ್ಕೂ ರೋಮಿಗೂ ಇದ್ದ ಸಂಬಂಧವನ್ನು ಕುರಿತು ಮಹಾಗ್ರಂಥವು ಸಿದ್ಧವಾಗುತ್ತಿರುವಾಗ ಹಳ್ಳಿಯವನೊಬ್ಬನು ಬಂದು, ಅದು ತಮ್ಮೂರ ಗುಡಿಯ ದ್ವಾರಪಾಲಕನೆಂದೂ, ಭಗ್ನವಾದುದರಿಂದ ಹೊಳೆಗೆ ಹಾಕಲಾಯಿತೆಂದೂ ಸಹಜವಾಗಿ ತಿಳಿಸುತ್ತಾನೆ. ಬರೆದಿಟ್ಟ ಗ್ರಂಥ ಬಾವಿಯ ಪಾಲಾಗುತ್ತದೆ.

ಕೋಟೆಯಿಂದ ಚೌಬಾರಾದವರೆಗೆ, ಅಲ್ಲಿಂದ 1472ರ ಮಹಮೂದ್ ಗವಾನನ ಮದರಸಾದವರೆಗೆ, ಹೆಜ್ಜೆಗೊಂದು ಹಳೆಗಲ್ಲು ಎಡವುವ ಊರಿನಲ್ಲಿ ಬೆಳೆದವರಿಗೆ ಈ ಕಥೆಯ ರುಚಿ ಬೇರೆ. ಇಲ್ಲಿ ಗುಲಾಮ್ ಯಜ್ದಾನಿಯವರಂತಹ ವಿದ್ವಾಂಸರು ಕಲ್ಲುಕಲ್ಲನ್ನೂ ಪರಾಮರ್ಶಿಸಿ 1947ರಲ್ಲಿ ಬೀದರಿನ ಇತಿಹಾಸವನ್ನೂ ಸ್ಮಾರಕಗಳನ್ನೂ ಕುರಿತ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಆ ತಪಸ್ಸಿನ ಮುಂದೆ ನಾನು ತಲೆಬಾಗುತ್ತೇನೆ. ಆದರೆ ವಿದ್ವಾಂಸರಿಗೆ ಒಂದು ಇತಿಹಾಸವಾದರೆ ಊರಿಗೆ ಇನ್ನೊಂದು ಇರುವುದೂ ಸತ್ಯ. ಬೀದರಿನಿಂದ ಅನತಿದೂರದ ಅಷ್ಟೂರಿನಲ್ಲಿ ಸುಲ್ತಾನ್ ಅಹಮದ್ ಶಾಹನ ಗೋರಿಯಿದೆ. ಗುಮ್ಮಟದ ಒಳಮೈಯಲ್ಲಿ ಬಣ್ಣ, ಬಂಗಾರ, ಬಳ್ಳಿಯಕ್ಷರಗಳ ಅದ್ಭುತ. ಅಲ್ಲಿ ಮಲಗಿದವನು ಮುಸಲ್ಮಾನರಿಗೆ ವಲಿ. ಸುತ್ತಣ ಲಿಂಗಾಯತರಿಗೆ ಅಲ್ಲಮಪ್ರಭು. ವರ್ಷವರ್ಷವೂ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ತೆಂಗಿನಕಾಯಿ ಒಡೆಯುವವರೂ ಫಾತಿಹಾ ಓದುವವರೂ ಒಂದೇ ಹೊಸ್ತಿಲನ್ನು ದಾಟುತ್ತಾರೆ. ಮಾಲ್ಗುಡಿಯ ವಿದ್ವಾಂಸನಾದರೆ ಎರಡು ಕಥೆಗಳಲ್ಲಿ ಒಂದನ್ನು ಬಾವಿಗೆ ಎಸೆಯಬೇಕಾಯಿತು; ನಮ್ಮವರು ಎರಡನ್ನೂ ಇಟ್ಟುಕೊಂಡು ಬಾಳಿದ್ದಾರೆ. ಈ ಪ್ರಸಂಗವನ್ನು ಕಂಡು ನಾವು ನಕ್ಕದ್ದು ಪಂಡಿತರ ಪತನಕ್ಕಲ್ಲ, ಒಂದು ಕಲ್ಲಿಗೆ ಒಂದೇ ಕಥೆ ಸಾಕೆಂಬ ಅವರ ಆತುರಕ್ಕೆ. ಕೋಟೆಯೊಳಗೆ ಯಾರಾದರೂ ಪ್ರವಾಸಿಗರಿಗೆ ಕಲ್ಲೊಂದನ್ನು ತೋರಿಸಿ ಘನವಾದ ಚರಿತ್ರೆಯನ್ನು ಹೊಸೆಯತೊಡಗಿದರೆ, ನಮ್ಮ ಗುಂಪಿನಲ್ಲಿ ಯಾವನಾದರೊಬ್ಬ 'ರೋಮ್ ಬಂತು' ಎಂದು ಪಿಸುಗುಟ್ಟದೆ ಇರುವುದಿಲ್ಲ.

ಇನ್ನು ಅಗ್ರಸ್ಥಾನ. ಅದರಲ್ಲಿ ಮೂರೂ ಊರುಗಳಿಗೆ ಏಕಮತ. ಅದು ಪೂರ್ಣ ಪ್ರಸಂಗವೂ ಅಲ್ಲ, ಸ್ವಾಮಿಯ ಕಥಾಮಾಲೆಯಲ್ಲಿ ಬರುವ ಒಂದು ತುಣುಕು. ರಜೆಯ ದಿನ ತಂದೆ ಮಗನನ್ನು ಕೂರಿಸಿಕೊಂಡು ಲೆಕ್ಕ ಕೊಡುತ್ತಾನೆ: ರಾಮನಲ್ಲಿ ಹತ್ತು ಮಾವಿನಹಣ್ಣು, ಅವುಗಳಿಂದ ಅವನಿಗೆ ಹದಿನೈದು ಆಣೆ ದೊರೆಯಬೇಕು, ಕೃಷ್ಣನಿಗೆ ಬೇಕಾದದ್ದು ನಾಲ್ಕೇ ಹಣ್ಣು, ಅವನು ಕೊಡಬೇಕಾದುದೆಷ್ಟು? ಸ್ವಾಮಿಗೆ ರಾಮನೂ ಕೃಷ್ಣನೂ ಕಣ್ಣಿಗೆ ಕಟ್ಟುತ್ತಾರೆ, ಹಣ್ಣಿನ ವಾಸನೆಯೂ ಬರುತ್ತದೆ, ಲೆಕ್ಕ ಮಾತ್ರ ಹತ್ತಿರ ಸುಳಿಯುವುದಿಲ್ಲ; ಕೊನೆಗೆ ಅವನು ಹಣ್ಣು ಮಾಗಿದ್ದವೋ ಇಲ್ಲವೋ ಎಂದು ಕೇಳುತ್ತಾನೆ. ಕಾರ್ನಾಡರ ಮುಖದಲ್ಲಿ ಆಗ ಸಿಟ್ಟೂ ನಗೆಯೂ ಒಂದನ್ನೊಂದು ನೂಕಾಡಿದ ಪರಿಯನ್ನು ಕಂಡವರು ಮರೆತಾರೆ? ಆ ತಂದೆ ಕ್ರೂರನಲ್ಲ, ಆ ಮಗ ದಡ್ಡನಲ್ಲ. ಶಂಕರ್ ನಾಗರ ಹಾಸ್ಯದಲ್ಲಿ ನಾನು ಬಹುವಾಗಿ ಗೌರವಿಸುವ ಗುಣವೇ ಇದು: ಅಲ್ಲಿ ನಗೆಗೆ ಗುರಿಯಾದವನ ಮೇಲೆ ನಮಗೆ ಪ್ರೀತಿ ಹೆಚ್ಚುತ್ತದೆಯೇ ಹೊರತು ಎಳ್ಳಷ್ಟೂ ಕುಂದುವುದಿಲ್ಲ. 1990ರ ಸೆಪ್ಟೆಂಬರಿನಲ್ಲಿ ಆನಗೋಡಿನ ಬಳಿ ಅಪಘಾತದಲ್ಲಿ ಅವರು ತೀರಿಕೊಂಡ ಸುದ್ದಿ ತಲುಪಿದಾಗ ನಮ್ಮ ಓಣಿಯಲ್ಲಿ ಅವರ ಚಲನಚಿತ್ರಗಳ ಹೆಸರನ್ನು ಅರಿಯದ ಮುದುಕಿಯರೂ 'ಆ ಸ್ವಾಮಿ ಹುಡುಗನ್ನ ತೋರಿಸ್ದಾಂವ' ಎಂದು ಮರುಗಿದರು.

ಆ ತುಣುಕು ಅಗ್ರಪೀಠವನ್ನೇರಿದುದಕ್ಕೆ ಮುಖ್ಯ ಕಾರಣ ನಮ್ಮ ಆಯಿ. ನಿಜಾಮರ ಕಾಲದಲ್ಲಿ ಭಾಲ್ಕಿಯ ಸಂತೆಯಲ್ಲಿ ಕಾಯಿಪಲ್ಲೆ ಮಾರಿ ಸಂಸಾರ ನಡೆಸಿದವಳು ಆಕೆ, ಅಕ್ಷರ ಕಲಿತವಳಲ್ಲ. ಅಂದಿನ ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಆದ ಹಾಲಿ ಸಿಕ್ಕಾ ಇದ್ದುದನ್ನು, ಬ್ರಿಟಿಷರ ನಾಣ್ಯವನ್ನು ಕಲ್ದಾರ್ ಎಂದು ಕರೆಯುತ್ತಿದ್ದುದನ್ನು, 1948ರ ಪೊಲೀಸ್ ಕಾರ್ಯಾಚರಣೆಯ ಅನಂತರವೂ ಕೆಲವು ವರ್ಷ ಎರಡೂ ಕೈಬದಲಾಗುತ್ತಿದ್ದುದನ್ನು ಇಂದಿನವರು ಪುಸ್ತಕದಲ್ಲಿ ಓದಬೇಕು. ಆರು ಕಲ್ದಾರಿಗೆ ಏಳು ಹಾಲಿ ಎಂಬುದು ಸ್ಥೂಲವಾದ ವಿನಿಮಯ. ಗಡಿಯ ಸಂತೆಗಳಲ್ಲಿ ಈ ಭೇದವನ್ನು ಅರಿಯದವನು ಮೋಸಹೋಗುತ್ತಿದ್ದನು. ಟಿ.ವಿ.ಯ ಮುಂದೆ ಕಾಲು ನೀಡಿ ಕುಳಿತಿದ್ದ ಆಯಿ, ಸ್ವಾಮಿಯ ಕಿವಿಗೆ ತಂದೆಯ ಕೈ ಬಂದೊಡನೆ ಸಿಟ್ಟಿಗೆದ್ದು, 'ಪೋರಗ ಯಾಕ ಕಿವಿ ಹಿಂಡ್ತಾನ? ಹಾಲಿ ಆಣೇನೋ ಕಲ್ದಾರ್ ಆಣೇನೋ, ಅದು ಮೊದ್ಲ ಹೇಳಲಿ' ಎಂದಳು. ನಾವೆಲ್ಲರೂ ಬಿದ್ದುಬಿದ್ದು ನಕ್ಕೆವು. ಆಯಿ ನಗಲಿಲ್ಲ, ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳನ್ನು ಆಡಿಸುತ್ತ ಕ್ಷಣಕಾಲ ಮೌನವಾಗಿದ್ದು, ಕಾಗದಪೆನ್ಸಿಲ್ ಹಿಡಿದಿದ್ದ ನಮಗಿಂತ ಮುಂಚೆ ತೀರ್ಪು ಕೊಟ್ಟಳು: 'ಕಲ್ದಾರ್ ಆದ್ರ ಆರಾಣೆ, ಹಾಲಿ ಆದ್ರ ಏಳಾಣೆ. ಹಣ್ಣು ಮಾಗಿಲ್ಲಂದ್ರ ನಾಕಾಣಿ ಮ್ಯಾಲ ಒಂದು ದಮ್ಮಡಿನೂ ಕೊಡಬ್ಯಾಡಂತ ಹೇಳ್ರಿ ಆ ಕೃಷ್ಣಗ.'